ಯಾರ ಕಿವಿಗೆ ಯಾವ ಕಾವ್ಯ

ಬಾದಾಮಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳುವ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಯಮ ಎಂಬ ಧಾಟಿಯ ಆ ಹೊಗಳಿಕೆ ಮೂರು ಸಾಲಿನ ಪದ್ಯಗಳಲ್ಲಿದೆ. ಅದು ತ್ರಿಪದಿ. ಸುಮಾರು ಸಾವಿರದ ಇನ್ನೂರು ವರ್ಷಗಳ ನಂತರ, 1931ರಲ್ಲಿ, ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ಪದಗಳನ್ನು ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಆ ಪದಗಳಲ್ಲಿ ಹೆಚ್ಚಿನವು ತ್ರಿಪದಿಯಲ್ಲೇ ಇದ್ದವು. ನಡುವೆ ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ಬಂದಿತ್ತು, ಸರ್ವಜ್ಞ ಬಂದಿದ್ದ. ವೀರನ ಬಂಡೆ, ಯೋಗಿನಿಯ ಅನುಭಾವ, ಊರೂರು ಅಲೆದವನ ಬುದ್ಧಿಮಾತು, ಬೀಸುವ ಕಲ್ಲಿನ ಮುಂದಿನ ತವರಿನ ನೆನಪು, ಇಷ್ಟನ್ನೂ ಒಂದೇ ಪದ್ಯರೂಪ ಹೊತ್ತಿದೆ.

ಇದು ಹೇಗಾಯಿತು? ತ್ರಿಪದಿ ಚಿಕ್ಕದು, ಬಾಯಲ್ಲಿ ನಿಲ್ಲುತ್ತದೆ, ಬರೆದಿಡಬೇಕಾಗಿಲ್ಲ. ಹಾಡುವಾಗ ಎರಡನೆಯ ಸಾಲಿನ ಬಾಲವನ್ನು ಮತ್ತೊಮ್ಮೆ ಎತ್ತಿಕೊಂಡರೆ ಮೂರು ಸಾಲು ನಾಲ್ಕಾಗುತ್ತದೆ, ಕಲ್ಲಿನ ಸುತ್ತಿಗೆ ಸರಿಹೋಗುತ್ತದೆ. ಹಾಗೆ ಎತ್ತಿಕೊಳ್ಳುವ ಹೊತ್ತಿನಲ್ಲಿ ಮುಂದಿನ ಸಾಲು ನೆನಪಾಗುತ್ತದೆ. ಹೊಸದಾಗಿ ಕಟ್ಟುವವಳಿಗೆ ಕಟ್ಟಲು ಬಿಡುವೂ ಸಿಗುತ್ತದೆ.

ಶಾಲೆಯ ಪುಸ್ತಕ ಸಾಹಿತ್ಯವನ್ನು ಪದ್ಯ, ಗದ್ಯ, ನಾಟಕ ಎಂದು ಮೂರಾಗಿ ಒಡೆಯುತ್ತದೆ. ಪದ್ಯದ ಕೆಳಗೆ ಮಹಾಕಾವ್ಯ, ಭಾವಗೀತೆ. ಗದ್ಯದ ಕೆಳಗೆ ಕಾದಂಬರಿ, ಸಣ್ಣಕತೆ, ಪ್ರಬಂಧ. ನಾಟಕದ ಕೆಳಗೆ ದುರಂತ, ಸುಖಾಂತ. ಪರೀಕ್ಷೆಗೆ ಇಷ್ಟು ಸಾಕು. ಕನ್ನಡದ ಸಾವಿರದ ಮುನ್ನೂರು ವರ್ಷಗಳ ಸಾಹಿತ್ಯವನ್ನು ಈ ಮೂರು ಗೂಡಿನಲ್ಲಿ ಇಡಲು ಹೋದರೆ ಮಾತ್ರ ಮೊದಲ ದಿನವೇ ತೊಡಕು. ಚಂಪುವಿನಲ್ಲಿ ಪದ್ಯವೂ ಇದೆ, ಗದ್ಯವೂ ಇದೆ. ವಚನ ಎರಡೂ ಅಲ್ಲ. ಕೀರ್ತನೆಯನ್ನು ರಾಗದಿಂದ ಬಿಡಿಸಿದರೆ ಅರ್ಧ ಜೀವ ಹೋಗುತ್ತದೆ. ಇದಕ್ಕಿಂತ ಬೇರೊಂದು ಪ್ರಶ್ನೆ ಹೆಚ್ಚು ಬೆಳಕು ಕೊಡುತ್ತದೆ: ಈ ಕೃತಿ ಯಾರನ್ನು ಮುಟ್ಟಬೇಕಾಗಿತ್ತು, ಯಾವ ದಾರಿಯಲ್ಲಿ ಮುಟ್ಟಿತು? ಕನ್ನಡದಲ್ಲಿ ಕೇಳುವವರು ಬದಲಾದಾಗಲೆಲ್ಲ ಸಾಹಿತ್ಯದ ರೂಪ ಬದಲಾಗಿದೆ.

ಮೊದಲ ಕೇಳುಗರು ಅರಮನೆಯವರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದ ನಡುವೆ, ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ಬರೆದ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಇದೇ ಮೊದಲನೆಯದು. ಚತ್ತಾಣ, ಬೆದಂಡೆ ಎಂಬ ಎರಡು ಕನ್ನಡ ಕಾವ್ಯರೂಪಗಳ ಲಕ್ಷಣವನ್ನು ಅವನು ಹೇಳುತ್ತಾನೆ. ಕಂದ, ವೃತ್ತಗಳ ಜೊತೆಗೆ ತ್ರಿಪದಿ, ಚೌಪದಿಯಂಥ ದೇಸಿ ಪದ್ಯಗಳೂ ಚತ್ತಾಣದಲ್ಲಿ ಸೇರಬಹುದಿತ್ತು. ತನಗಿಂತ ಹಿಂದಿನ ಗದ್ಯಕಾರರನ್ನೂ ಅವನು ಹೆಸರಿಸುತ್ತಾನೆ. ದುರ್ವಿನೀತನ ಹೆಸರು ಅಲ್ಲಿದೆ. ಅವರ ಕೃತಿಗಳು ಒಂದೂ ಉಳಿದಿಲ್ಲ. ಒಂದು ಸಾಹಿತ್ಯದ ಮೊದಲ ಪುಸ್ತಕವೇ ಕಳೆದುಹೋದ ಪ್ರಕಾರಗಳ ಪಟ್ಟಿಯನ್ನು ಹೊತ್ತಿದೆ ಎಂಬುದು ಯಾವ ಓದುಗನನ್ನೂ ಕ್ಷಣಕಾಲ ತಡೆದು ನಿಲ್ಲಿಸಬೇಕು.

ಹತ್ತನೆಯ ಶತಮಾನಕ್ಕೆ ಆಸ್ಥಾನವನ್ನು ಆಳಿದ್ದು ಚಂಪು. ವೇಮುಲವಾಡದ ಚಾಳುಕ್ಯ ದೊರೆ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ, 941ರ ಹೊತ್ತಿಗೆ ‘ಆದಿಪುರಾಣ’ ಮತ್ತು ‘ವಿಕ್ರಮಾರ್ಜುನ ವಿಜಯ’ ಎರಡನ್ನೂ ಚಂಪುವಿನಲ್ಲಿ ಬರೆದ. ಚಂಪು ಎಂದರೆ ಪದ್ಯದ ನಡುವೆ ಗದ್ಯ ತುರುಕುವುದು ಎಂದುಕೊಂಡರೆ ತಪ್ಪಾಗುತ್ತದೆ. ಸಂಸ್ಕೃತದಿಂದ ಬಂದ ವೃತ್ತಗಳಲ್ಲಿ ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ ಮೊದಲಾದ ಆರನ್ನು ಕನ್ನಡ ಕವಿಗಳು ತಮ್ಮದಾಗಿಸಿಕೊಂಡರು. ಸಾಲು ಉದ್ದ, ದನಿ ದೊಡ್ಡದು. ಯುದ್ಧಕ್ಕೆ, ಪ್ರತಿಜ್ಞೆಗೆ, ಅಬ್ಬರಕ್ಕೆ ಅವು ಹೇಳಿ ಮಾಡಿಸಿದಂತಿವೆ. ಕಂದವೋ ನಾಲ್ಕು ಸಾಲಿಗೆ ಅರವತ್ನಾಲ್ಕು ಮಾತ್ರೆಗಳ ಚಿಕ್ಕ ಪದ್ಯ. ಮಾತುಕತೆಗೆ, ಚುರುಕು ಉತ್ತರಕ್ಕೆ ಒದಗುತ್ತದೆ. ಕತೆ ಬೇಗ ಮುಂದೆ ಸಾಗಬೇಕಾದಾಗ ಗದ್ಯ. ಯಾವಾಗ ಯಾವುದನ್ನು ಎತ್ತಿಕೊಳ್ಳಬೇಕು ಎಂಬ ತಿಳಿವಳಿಕೆಯಲ್ಲೇ ಚಂಪು ಕವಿಯ ಕಸುಬೆಲ್ಲ ಇತ್ತು. ಅದನ್ನು ಕೇಳಿ ಮೆಚ್ಚಲು ಸಂಸ್ಕೃತ ಬಲ್ಲ ವಿದ್ವಾಂಸರು, ದಂಡನಾಯಕರು ತುಂಬಿದ ಸಭೆ ಬೇಕಿತ್ತು. ಅರಸನನ್ನೇ ಅರ್ಜುನನೊಂದಿಗೆ ಸಮೀಕರಿಸಿ ಪಂಪ ಭಾರತ ಹೇಳಿದ್ದೂ ಆ ಸಭೆಯ ಎದುರಿನಲ್ಲೇ. ಆಸ್ಥಾನದಾಚೆಗೂ ಪೋಷಕರಿದ್ದರು ಎನ್ನುವುದಕ್ಕೆ ಅತ್ತಿಮಬ್ಬೆ ಸಾಕ್ಷಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ತಾಳೆಗರಿಯಲ್ಲಿ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಕನ್ನಡಕ್ಕೆ ಅಚ್ಚುಯಂತ್ರ ಬರುವುದಕ್ಕೆ ಎಂಟು ಶತಮಾನಗಳಿಗೂ ಹೆಚ್ಚು ಹಿಂದಿನ ಮಾತು ಅದು.

ಅದೇ ಕಾಲದಲ್ಲಿ ಸಭೆಯ ಹೊರಗೆ ಗದ್ಯವೂ ಇತ್ತು. ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕತೆಗಳು ಜೈನ ಸಾಧಕರವು. ಕತೆಯೊಳಗೊಂದು ಕತೆ ಬಿಚ್ಚಿಕೊಳ್ಳುತ್ತ, ಹಿಂದಿನ ಜನ್ಮಗಳಿಗೆ ಹೋಗಿ ಮರಳುತ್ತ ಸಾಗುವ ಆ ಗದ್ಯದಲ್ಲಿ ಕತೆ ಹೇಳುವವರ ಉಸಿರಾಟ ಇಂದಿಗೂ ಗುರುತು ಸಿಗುತ್ತದೆ. ಸುಕುಮಾರಸ್ವಾಮಿಯ ಕತೆಯೊಂದನ್ನು ಓದಿದರೂ ಸಾಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೇಳುವವರ ಗುಂಪೇ ಬೇರೆಯಾಯಿತು. ಹೇಳುವವರೂ ಬೇರೆಯಾದರು: ನೇಯುವವರು, ದೋಣಿ ನಡೆಸುವವರು, ಅಕ್ಕಿ ಆಯುವವರು, ಅರಸೊತ್ತಿಗೆಯನ್ನು ಬಿಟ್ಟು ನಡೆದವಳು. ಇವರಿಗೆ ಶಾರ್ದೂಲವಿಕ್ರೀಡಿತದ ಹಂಗು ಬೇಕಿರಲಿಲ್ಲ. ಮಾತನ್ನೇ ಬಿಗಿ ಮಾಡಿದರು. ಒಂದೇ ಬಗೆಯ ವಾಕ್ಯವನ್ನು ಎರಡು ಮೂರು ಬಾರಿ ಹೂಡಿ ಕೇಳುವವನನ್ನು ಒಪ್ಪಿಗೆಯತ್ತ ಕರೆದೊಯ್ದು, ಕೊನೆಯ ವಾಕ್ಯದಲ್ಲಿ ಸರಕ್ಕನೆ ತಿರುಗಿಸಿ, ದೇವರ ಹೆಸರಿನಿಂದ ಮುದ್ರೆ ಒತ್ತುವುದು ಅನೇಕ ವಚನಗಳ ನಡಿಗೆ. ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನಿಗೆ ರಾಮನಾಥ. ಅಂಕಿತ ಕಂಡರೆ ಸಾಕು, ಯಾರ ವಚನವೆಂದು ಗೊತ್ತಾಗುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೋಡಿ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದಳು ಲಕ್ಕಮ್ಮ. ಬಡವರಿಗೆ ಆಸೆ ಯಾಕೆ, ಅದು ಅರಸರಿಗಿರಲಿ ಎಂಬ ಅರ್ಥದ ಅವಳ ಮಾತು ವಚನವಾಗಿ ಉಳಿದಿದೆ. ಗಂಡ ಹೆಂಡಿರ ನಡುವಿನ ಅಡುಗೆಮನೆಯ ಮಾತು ಸಾಹಿತ್ಯವಾಗಲು ಒಂದು ಹೊಸ ಪ್ರಕಾರವೇ ಹುಟ್ಟಬೇಕಾಯಿತು. ಚಂಪುವಿನಲ್ಲಿ ಲಕ್ಕಮ್ಮನಿಗೆ ಜಾಗವಿರಲಿಲ್ಲ.

ವಚನವನ್ನು ಇವತ್ತು ನಾವು ಕವಿತೆಯ ಹಾಗೆ ಸಾಲು ಮುರಿದು ಓದುತ್ತೇವೆ. ತಾಳೆಗರಿಯಲ್ಲಿ ಸಾಲುಗಳು ಹಾಗಿಲ್ಲ. ಅಂಚಿನಿಂದ ಅಂಚಿಗೆ ಬರಹ ಓಡುತ್ತದೆ. ಸಾಲು ಒಡೆದದ್ದು ನಂತರದ ಸಂಪಾದಕರು. ಆ ಗರಿಗಳನ್ನು ಮಠ, ಮನೆ ಸುತ್ತಿ ಕೂಡಿಹಾಕಿದವರಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಮೊದಲಿಗರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ವಿಜಯಪುರದಲ್ಲಿ ತಮ್ಮದೇ ಮುದ್ರಣಾಲಯ ತೆರೆದರು, ‘ಶಿವಾನುಭವ’ ಪತ್ರಿಕೆ ನಡೆಸಿದರು. ವಚನ ಸಾಹಿತ್ಯ ಎಂದು ನಾವು ಇಂದು ನಿರಾಯಾಸವಾಗಿ ಹೇಳುವ ಮಾತಿನ ಹಿಂದೆ ಈ ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಇದೆ.

ವಚನಕಾರರ ನಂತರ ಚಂಪು ಇದ್ದಲ್ಲೇ ಉಳಿಯಲಿಲ್ಲ. ಹಂಪೆಯ ಹರಿಹರ ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ಬರೆದು ಪಂಡಿತರಿಗೆ ಸೈ ಎನಿಸಿಕೊಂಡವನೇ, ಶರಣರ ಕತೆ ಹೇಳಲು ಕುಳಿತಾಗ ರಗಳೆಗೆ ಹೊರಳಿದ. ರಗಳೆಗೆ ಸಾಲಿನ ಲೆಕ್ಕವಿಲ್ಲ. ಎರಡೆರಡು ಸಾಲು ಪ್ರಾಸದಲ್ಲಿ ಜೊತೆಯಾಗಿ, ಭಕ್ತಿಯ ಆವೇಗ ಇರುವಷ್ಟು ದೂರ ಹರಿಯಬಹುದು. ಬಸವಣ್ಣನ ಕತೆಯಲ್ಲಂತೂ ಒಂದು ಸ್ಥಲ ರಗಳೆಯಾದರೆ ಮುಂದಿನದು ಗದ್ಯ. ಅವನ ಸೋದರಳಿಯ ರಾಘವಾಂಕ ಇನ್ನೊಂದು ಹೆಜ್ಜೆ ಮುಂದೆ ಹೋದ. ‘ಹರಿಶ್ಚಂದ್ರ ಕಾವ್ಯ’ವನ್ನು ಮೊದಲಿನಿಂದ ಕೊನೆಯವರೆಗೆ ವಾರ್ಧಕ ಷಟ್ಪದಿಯಲ್ಲಿ ಕಟ್ಟಿದ. ಇಡೀ ದೊಡ್ಡ ಕತೆಯನ್ನು ಆರು ಸಾಲಿನ ಒಂದೇ ಪದ್ಯಜಾತಿಯಲ್ಲಿ ಸಾಗಿಸಬಹುದು ಎಂದು ತೋರಿಸಿದ ಮೇಲೆ ಕನ್ನಡ ಕಥನಕಾವ್ಯ ಹಿಂದಿರುಗಿ ನೋಡಲಿಲ್ಲ.

ಷಟ್ಪದಿಯಲ್ಲಿ ಶರ, ಕುಸುಮ, ಭೋಗ, ಭಾಮಿನಿ, ವಾರ್ಧಕ, ಪರಿವರ್ಧಿನಿ ಎಂದು ಆರು ಬಗೆ. ಇವುಗಳಲ್ಲಿ ಭಾಮಿನಿಯನ್ನು ಹತ್ತಿರದಿಂದ ನೋಡಬೇಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಇದೇ ಮೂರು–ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು. ಲೆಕ್ಕವನ್ನು ಕಿವಿಗೆ ಕೇಳಿಸಲೆಂದೇ ಇಲ್ಲಿ ಕಟ್ಟಿದ ಅರ್ಧ ಪದ್ಯ ಇದು:

ಇರುಳು ಕವಿಯಿತು ಮಳೆಯು ಸುರಿಯಿತು
ಮರದ ಕೊಂಬೆಯ ಹಕ್ಕಿ ಬೆದರಿತು
ಕೆರೆಯ ಕೋಡಿಯ ನೀರು ಹರಿಯಿತು ಗದ್ದೆ ಬಯಲೊಳಗೆ

ಇದರಲ್ಲಿ ಕಾವ್ಯವೇನೂ ಇಲ್ಲ, ಮಟ್ಟು ಮಾತ್ರ ಇದೆ. ಗಟ್ಟಿಯಾಗಿ ಓದಿ. ಮೊದಲೆರಡು ಸಾಲು ಹೆಜ್ಜೆ ಹಾಕುತ್ತವೆ; ಮೂರನೆಯದು ಓಡಿ ಹೋಗಿ ಕೊನೆಯಲ್ಲಿ ಕಾಲೂರಿ ನಿಲ್ಲುತ್ತದೆ. ಕೊನೆಯ ಅಕ್ಷರ ಲಘುವಾದರೂ ನಿಲುಗಡೆಯಲ್ಲಿ ದನಿ ಎಳೆಯುವುದರಿಂದ ಅದು ಗುರುವೆಂದೇ ಲೆಕ್ಕ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ರಕಾರ ಮರಳಿ ಬರುವುದು ಪ್ರಾಸ. ಕತೆ ಹೇಳುವವನಿಗೆ ಇದಕ್ಕಿಂತ ಒಳ್ಳೆಯ ವಾಹನ ಸಿಗುವುದು ಕಷ್ಟ: ಎರಡು ಸಾಲಿನಲ್ಲಿ ಸನ್ನಿವೇಶ, ಮೂರನೆಯದರಲ್ಲಿ ಅದರ ಮುಕ್ತಾಯ ಅಥವಾ ತಿರುವು, ಮತ್ತೆ ಅದೇ ಸುತ್ತು. ಹದಿನೈದನೆಯ ಶತಮಾನದಲ್ಲಿ ಗದುಗಿನ ಕುಮಾರವ್ಯಾಸ ಈ ಮಟ್ಟಿನಲ್ಲಿ ಭಾರತದ ಹತ್ತು ಪರ್ವಗಳನ್ನು ಹೇಳಿದ. ಬೈಗುಳ, ಅಳು, ತತ್ತ್ವ, ಕುಚೋದ್ಯ ಯಾವುದಕ್ಕೂ ಅವನು ಮಟ್ಟು ಬದಲಿಸಲಿಲ್ಲ. ಅದೇ ಭಾಮಿನಿ ಅವನ ಕೈಯಲ್ಲಿ ನೂರು ದನಿಗಳಲ್ಲಿ ಮಾತಾಡಿತು.

ಇಷ್ಟೂ ಗಮಕಕ್ಕಾಗಿ, ಅಂದರೆ ಗಟ್ಟಿಯಾಗಿ ರಾಗಬದ್ಧವಾಗಿ ಓದುವುದಕ್ಕಾಗಿ. ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಅಕ್ಷರ ಬಾರದ ರೈತನೂ ಕರ್ಣಪರ್ವದ ಸೊಗಸನ್ನು ಬಲ್ಲವನಾಗಿದ್ದುದು ಈ ಜೋಡಿಯಿಂದ. ಶಿವಮೊಗ್ಗ ಸಮೀಪದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಗೆ ದೇಶದ ಗಮನ ಸಿಕ್ಕಿತು. ತರಗತಿಗಳಲ್ಲಿ ಮಾತ್ರ ಷಟ್ಪದಿ ಎಂದರೆ ಇಂದಿಗೂ ಹೆಚ್ಚಾಗಿ ಪ್ರಸ್ತಾರ ಹಾಕಿ, ಲಘು ಗುರು ಗೀಚಿ, ಮೂರು ಅಂಕ ಗಳಿಸುವ ಪ್ರಶ್ನೆ. ಮೊದಲು ಕಿವಿಗೆ ಕೇಳಿಸಿ, ಆಮೇಲೆ ಗಣ ವಿಭಾಗಿಸಿದರೆ ಮಕ್ಕಳಿಗೆ ಛಂದಸ್ಸು ಹೊರೆಯಾಗುವುದಿಲ್ಲ. ಈ ಅನುಕ್ರಮ ತಲೆಕೆಳಗಾಗಿರುವುದು ಕನ್ನಡ ಪಾಠದ ದೊಡ್ಡ ನಷ್ಟ.

ಹಾಡಿಗೆಂದೇ ಹುಟ್ಟಿದ ರೂಪಗಳು ಇನ್ನೂ ಇವೆ. ನಾಲ್ಕು ಸಾಲಿನ ಸಾಂಗತ್ಯ ವಾದ್ಯದ ಜೊತೆ ಹಾಡಲು ಬರುವಂಥದು. ರತ್ನಾಕರವರ್ಣಿಯ ‘ಭರತೇಶ ವೈಭವ’, ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ ಅದರಲ್ಲಿವೆ. ಪಲ್ಲವಿ, ಅನುಪಲ್ಲವಿ, ಚರಣಗಳ ಕೀರ್ತನೆಯಲ್ಲಿ ಪಲ್ಲವಿ ಮತ್ತೆ ಮತ್ತೆ ಮರಳುವುದರಿಂದ ಭಜನೆಯಲ್ಲಿ ಕುಳಿತ ಎಲ್ಲರೂ ಹಾಡುಗಾರರೇ ಆಗುತ್ತಾರೆ. ಒಬ್ಬನೇ ಕವಿ ಕೇಳುಗರಿಗೆ ತಕ್ಕಂತೆ ರೂಪ ಬದಲಿಸಿದ್ದನ್ನು ಕನಕದಾಸರಲ್ಲಿ ಚೆನ್ನಾಗಿ ಕಾಣಬಹುದು: ಬೀದಿಗೆ ಕೀರ್ತನೆ, ‘ನಳಚರಿತ್ರೆ’ಗೆ ಭಾಮಿನಿ ಷಟ್ಪದಿ, ‘ಮೋಹನ ತರಂಗಿಣಿ’ಗೆ ಸಾಂಗತ್ಯ, ಒಗಟಿನಂಥ ಮುಂಡಿಗೆಗಳು ಬೇರೆ. ಇನ್ನು ಬರಹದ ಗೊಡವೆಯೇ ಇಲ್ಲದೆ ಬಾಯಿಂದ ಬಾಯಿಗೆ ಬಂದ ಮಹಾಕಾವ್ಯಗಳು. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಗಳು ರಾತ್ರಿಗಟ್ಟಲೆ ಸಾಗುತ್ತವೆ. ಇವನ್ನು ಜಾನಪದ ಎಂಬ ಬೇರೆ ಪೆಟ್ಟಿಗೆಯಲ್ಲಿಟ್ಟು ಸಾಹಿತ್ಯ ಚರಿತ್ರೆಯ ಕೊನೆಯ ಅಧ್ಯಾಯಕ್ಕೆ ತಳ್ಳುವ ಅಭ್ಯಾಸ ನ್ಯಾಯವಲ್ಲ. ಕತೆಯ ಹರಹಿನಲ್ಲಾಗಲಿ ಮಾತಿನ ಕಸುವಿನಲ್ಲಾಗಲಿ ಅವು ಯಾವ ಮಹಾಕಾವ್ಯಕ್ಕೂ ಕಡಿಮೆಯಿಲ್ಲ.

1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದರು. ಅಚ್ಚಿನ ಮೊಳೆ ಬಂದದ್ದೇ ಕೇಳುವವರು ಓದುವವರಾಗತೊಡಗಿದರು. ಆ ಬದಲಾವಣೆಯ ಹೊಸ್ತಿಲಲ್ಲಿ ನಿಂತವನು ಮುದ್ದಣ. ಆ ಹೆಸರಿನಲ್ಲಿ ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಬದುಕಿದ್ದು 1870ರಿಂದ 1901ರವರೆಗೆ ಮಾತ್ರ. ‘ಶ್ರೀರಾಮಾಶ್ವಮೇಧ’ದಲ್ಲಿ ಮಳೆಗಾಲದ ಹೊತ್ತು ಕಳೆಯಲು ಮನೋರಮೆ ಗಂಡ ಮುದ್ದಣನಿಂದ ಕತೆ ಕೇಳುತ್ತಾಳೆ. ಪದ್ಯದಲ್ಲಿ ಹೇಳಲೇ ಎಂದರೆ ಒಲ್ಲೆ ಎನ್ನುತ್ತಾಳೆ, ಸಂಸ್ಕೃತ ಹೇರಿದರೆ ತಡೆಯುತ್ತಾಳೆ, ಗದ್ಯದಲ್ಲೇ ಆಗಲಿ ಎನ್ನುತ್ತಾಳೆ. ಸಾವಿರ ವರ್ಷ ಪದ್ಯ ಆಳಿದ ಭಾಷೆಯಲ್ಲಿ, ಕೇಳುವವಳೊಬ್ಬಳು ಪ್ರಕಾರವನ್ನು ತಾನೇ ಆರಿಸಿಕೊಂಡ ಅಪೂರ್ವ ಗಳಿಗೆ ಅದು.

ಕಾದಂಬರಿ ಬಂದದ್ದು ಇದೇ ಹೊತ್ತಿಗೆ, ಇದೇ ಕರಾವಳಿಯಲ್ಲಿ. ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದಕ್ಕೆ ಮನ್ನಣೆ. ಬಾಲವಿಧವೆಯೊಬ್ಬಳು ಓದಿ, ಮರುಮದುವೆಯಾಗುವ ಕತೆ. ಇಂಥ ಕತೆಯನ್ನು ಊರ ಮುಂದೆ ಗಮಕದಲ್ಲಿ ವಾಚಿಸಲು ಅಂದು ಸಾಧ್ಯವಿತ್ತೇ? ಕಾದಂಬರಿಯನ್ನು ಒಬ್ಬರೇ, ಕೋಣೆಯಲ್ಲಿ ಕುಳಿತು, ಯಾರ ಅಪ್ಪಣೆಯೂ ಇಲ್ಲದೆ ಓದಬಹುದು. ಊರಿಗೆ ಒಪ್ಪಿಗೆಯಾಗದ ಯೋಚನೆಯನ್ನು ಓದುಗ ಒಳಗೊಳಗೇ ತೂಗಿ ನೋಡಬಹುದು. ಈ ಏಕಾಂತವೇ ಕಾದಂಬರಿಯ ಬಲ. ಜೊತೆಗೆ ಹರಹು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಡಲತಡಿಯ ಒಂದು ಮನೆತನದ ಮೂರು ತಲೆಮಾರುಗಳನ್ನು ಹಿಡಿಯುತ್ತದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಇದಕ್ಕೆ ತದ್ವಿರುದ್ಧ: 1965ರ ಆ ಕೃತಿ ಅಗ್ರಹಾರದಲ್ಲಿ ಬಿದ್ದ ಒಂದು ಹೆಣ, ಅದಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಒಂದು ಪ್ರಶ್ನೆ, ಇಷ್ಟರ ಸುತ್ತಲೇ ಬಿಗಿಯುತ್ತದೆ. ಎರಡೂ ಕಾದಂಬರಿಗಳೇ.

ಸಣ್ಣಕತೆಗೆ ತವರು ಪತ್ರಿಕೆ. ಪಂಜೆ ಮಂಗೇಶರಾಯರು ನೆಲ ಹದಮಾಡಿದರು. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1920ರ ‘ಕೆಲವು ಸಣ್ಣ ಕತೆಗಳು’ ಸಂಕಲನದಿಂದ ಬೆಳೆ ತೆಗೆದರು. ಒಂದೇ ಕೂರಿಕೆಯಲ್ಲಿ ಓದಿ ಮುಗಿಯುವಷ್ಟು ಉದ್ದ, ಒಬ್ಬಿಬ್ಬರ ಬದುಕಿನ ಒಂದೇ ಗಂಟು, ಅದು ಬಿಚ್ಚುವ ಅಥವಾ ಬಿಗಿಯುವ ಕ್ಷಣ. ಮಾಸ್ತಿಯವರು ಜಗಲಿಯಲ್ಲಿ ಕುಳಿತು ಹೇಳುವ ದನಿಯನ್ನು ಬಿಡಲಿಲ್ಲ. ಅಚ್ಚಿನಲ್ಲೂ ಅವರ ಕತೆ ಕೇಳಿಸುತ್ತದೆ. ದೀಪಾವಳಿ ವಿಶೇಷಾಂಕಗಳು, ಕಥಾಸ್ಪರ್ಧೆಗಳು ತಲೆಮಾರುಗಳ ಕತೆಗಾರರನ್ನು ಬೆಳೆಸಿವೆ. ಇಷ್ಟಾದರೂ ಸಣ್ಣಕತೆ ಕಾದಂಬರಿಗೆ ಏಣಿ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಅಂತಾರಾಷ್ಟ್ರೀಯ ಬೂಕರ್ ಪಡೆಯಿತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಪದ್ಯವೂ ಓದುವ ಕಣ್ಣಿಗೆ ಹೊಂದಿಕೊಳ್ಳಬೇಕಾಯಿತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಆದಿಪ್ರಾಸವನ್ನು ಕೈಬಿಟ್ಟರು. ಪಂಡಿತರಲ್ಲಿ ದೊಡ್ಡ ಚರ್ಚೆಯಾಯಿತು. 1920ರ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಇಂಗ್ಲಿಷ್ ಕವಿತೆಗಳನ್ನು ಹೊಸ ಮಟ್ಟುಗಳಲ್ಲಿ, ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ತಂದಿತು. ಮೂರು ಮಾತ್ರೆ, ನಾಲ್ಕು ಮಾತ್ರೆ, ಐದು ಮಾತ್ರೆಯ ಹಳೆಯ ಗಣಗಳೇ ಅವು. ಜೋಡಣೆ ಮಾತ್ರ ಹೊಸತು. ಕತೆಯ ಹೊರೆಯಿಲ್ಲದೆ, ಪುರಾಣದ ಪಾತ್ರಗಳ ಮರೆಯಿಲ್ಲದೆ, ಕವಿ ತನ್ನ ಒಂದು ಭಾವವನ್ನು ತನ್ನ ದನಿಯಲ್ಲೇ ಹೇಳುವ ಚಿಕ್ಕ ಪದ್ಯ ಭಾವಗೀತೆಯಾಯಿತು. ಬೇಂದ್ರೆ ಅದಕ್ಕೆ ಧಾರವಾಡದ ಮಾತು, ಲಾವಣಿಯ ಲಯ ಕೊಟ್ಟರು, ‘ಗರಿ’ 1932ರದು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದು, ಮುಂದೆ ಸುಗಮ ಸಂಗೀತಗಾರರ ಕೊರಳಲ್ಲಿ ಮನೆಮನೆ ತಲುಪಿತು. ಓದಲೆಂದು ಅಚ್ಚಾದ ಪುಸ್ತಕ ಮತ್ತೆ ಹಾಡಾಯಿತು. ಗೋಪಾಲಕೃಷ್ಣ ಅಡಿಗರ ನವ್ಯ ಕವಿತೆ ಹಾಡಿನಿಂದ ಬೇಕೆಂದೇ ದೂರ ಸರಿದು, ಒಡೆದ ಸಾಲು, ಒರಟು ಮಾತುಗಳ ಮೂಲಕ ಓದುಗನನ್ನು ಯೋಚನೆಗೆ ಹಚ್ಚಿತು. ಚಿಕ್ಕ ಪದ್ಯಗಳ ಈ ಕಾಲದಲ್ಲೇ ಕುವೆಂಪು 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಹೊರತಂದರು. ಪ್ರಾಸವಿಲ್ಲದ ಸರಳ ರಗಳೆಯನ್ನು ಹಿಗ್ಗಿಸಿ, ವಾಕ್ಯ ಸಾಲಿನಿಂದ ಸಾಲಿಗೆ ಉಕ್ಕಿ ಹರಿಯುವ ನಡೆಯನ್ನು ಅವರು ರೂಪಿಸಿಕೊಂಡರು. ಮಹಾಕಾವ್ಯದ ಕಾಲ ಮುಗಿಯಿತು ಎಂದವರಿಗೆ ಆ ಕೃತಿಯೇ ಉತ್ತರವಾಯಿತು.

ನಾಟಕದ ಕತೆ ಸ್ವಲ್ಪ ವಿಚಿತ್ರ. ಆಟವಿಲ್ಲದ ಊರಿಲ್ಲ, ಯಕ್ಷಗಾನ, ದೊಡ್ಡಾಟ, ಸಣ್ಣಾಟಗಳಿಗೆ ಬರವಿಲ್ಲ. ಬರೆದ ನಾಟಕ ಮಾತ್ರ ಬಹಳ ತಡ. ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’. ಹದಿನೇಳನೆಯ ಶತಮಾನದ ಕೊನೆಯದು, ಹರ್ಷನ ‘ರತ್ನಾವಳಿ’ಯ ಆಧಾರದ್ದು. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯಗಳಷ್ಟೇ ಇದ್ದು, ಮಾತನ್ನು ಅರ್ಥಧಾರಿ ರಂಗದ ಮೇಲೆ ಕಟ್ಟುತ್ತಿದ್ದುದು ಈ ತಡಕ್ಕೆ ಒಂದು ಕಾರಣವಿದ್ದೀತು. ಕೈಲಾಸಂ ಇಂಗ್ಲಿಷ್ ಬೆರೆತ ಮನೆಮಾತನ್ನು ಯಥಾವತ್ತಾಗಿ ರಂಗಕ್ಕೆ ತಂದಾಗ ನೋಡುಗರು ತಮ್ಮದೇ ಪಡಸಾಲೆಯನ್ನು ಕಂಡರು. ಗಿರೀಶ ಕಾರ್ನಾಡರ ‘ತುಘಲಕ್’ 1964ರದು. ಇತಿಹಾಸದ ಸುಲ್ತಾನನ ಮೂಲಕ ತಮ್ಮ ಕಾಲದ ರಾಜಕೀಯ ನಿರಾಸೆಯನ್ನು ಓದುಗರು ಅದರಲ್ಲಿ ಗುರುತಿಸಿದರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಬಯಲಾಟದ ಕುಣಿತ, ಹಾಡು, ಪೋಲಿ ಮಾತುಗಳನ್ನು ಹೊತ್ತೇ ಹೊಸ ರಂಗಭೂಮಿಗೆ ಬಂತು.

ಗದ್ಯದ ಉಳಿದ ಕವಲುಗಳಿಗೆ ಒಂದೊಂದು ಅಂಕಣವೇ ಬೇಕು. ಗೊರೂರರ ‘ಹಳ್ಳಿಯ ಚಿತ್ರಗಳು’, ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಲಲಿತ ಪ್ರಬಂಧಕ್ಕೆ ಆಪ್ತ ಹರಟೆಯ ಹದ ಕೊಟ್ಟವು. ಡಿ.ವಿ.ಜಿಯವರ ‘ಜ್ಞಾಪಕ ಚಿತ್ರಶಾಲೆ’ ವ್ಯಕ್ತಿಚಿತ್ರಗಳ ಭಂಡಾರ. ಆತ್ಮಕಥೆ ಬಹುಕಾಲ ಹೆಸರಾಂತವರ ಸ್ವತ್ತಾಗಿತ್ತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಬಂದ ಮೇಲೆ ಕೇರಿಯ ಬದುಕು ತನ್ನ ಬಾಯಿಂದಲೇ ಮಾತಾಡಿತು. ಹಸಿವು, ಅವಮಾನಗಳನ್ನು ಹೇಳುವಾಗಲೂ ಸಿದ್ಧಲಿಂಗಯ್ಯ ನಗಿಸುತ್ತಾರೆ. ಆ ನಗುವಿನಲ್ಲಿ ಓದುಗನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಪ್ರಕಾರಗಳ ಗೋಡೆ ಎಷ್ಟು ತೆಳು ಎಂದು ತಿಳಿಯಬೇಕಾದರೆ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಕೈಗೆತ್ತಿಕೊಳ್ಳಬೇಕು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಟ್ಟ ಕಾದಂಬರಿ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಇಲ್ಲಿ ಊರಿನ ದೀಪಗಳು ಜೋತಮ್ಮಗಳಾಗಿ ಸೇರಿ ಕತೆ ಹೇಳಿಕೊಳ್ಳುತ್ತವೆ. ಕಣ್ಣೋಡಿಸಿ ಓದಿದರೆ ಮೊದಲ ಪುಟದಲ್ಲೇ ಕಾಲು ತೊಡರುತ್ತದೆ. ಗಟ್ಟಿಯಾಗಿ ಓದಿದರೆ ನೀಲಗಾರರ ಹಾಡಿನ ಸೀಮೆಯ ಲಯ ಹಿಡಿದು ಸಾಗುತ್ತದೆ.

ಅದೇ ಗೋಡೆಯನ್ನು ದಾಟಿದ ಇನ್ನೊಂದು ಕೃತಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, 1967ರಲ್ಲಿ ಬಂದ ಬೃಹತ್ ಕಾದಂಬರಿ. ಹತ್ತಾರು ಕತೆಗಳು ಹೆಣೆದುಕೊಂಡ, ನಾಯಕನಾರು ಎಂದು ಬೆರಳಿಟ್ಟು ತೋರಿಸಲಾಗದ ಆ ಮಲೆನಾಡಿನ ಕತೆಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಅದು ಬಯಲಾಟದ ಹಾಗೆ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ನಡೆಯಿತು. ಒಂದೇ ರಂಗಸ್ಥಳವಿರಲಿಲ್ಲ, ಒಂದು ಭಾಗ ಮುಗಿದೊಡನೆ ಜನ ಎದ್ದು ಮುಂದಿನ ಭಾಗ ನಡೆಯುವ ಕಡೆಗೆ ಹೋಗಬೇಕಿತ್ತು. ಕಾದಂಬರಿಯನ್ನು ಓದಿದವರೂ ಓದದವರೂ ಬೆಳಗಾಗುವವರೆಗೆ ಕೂತು ನೋಡಿದರು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ಅದೇ ರೀತಿ ಪ್ರಯೋಗಗೊಂಡಿತು.